ಚೇಳು ಕಚ್ಚಿದ ಸುದ್ದಿ ಜೊತೆ ಉಳಿಯೋ ದಾರಿನೂ ಅಚ್ಚು ಹಾಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಬೇಸಿಗೆ ಶುರುವಾದ್ರೆ ಸಾಕು, ಮುಂಗಾರು ಹಿಡಿಯೋ ತನಕ ನಮ್ಮ ಕನ್ನಡ ಪೇಪರ್‌ಗಳ ಜಿಲ್ಲಾ ಪುಟದಲ್ಲಿ ಒಂದು ಸಣ್ಣ ಸುದ್ದಿ ಅಲ್ಲೊಂದು ಇಲ್ಲೊಂದು ಬರ್ತಾನೇ ಇರುತ್ತೆ. ಚೇಳು ಕಚ್ಚಿ ಬಾಲಕ ಸಾವು, ಚೇಳು ಕಚ್ಚಿ ಬಾಲಕಿ ಸಾವು. ನಾಲ್ಕು ಸಾಲು, ಊರಿನ ಹೆಸರು, ಅಪ್ಪನ ಹೆಸರು, ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ ಅಂತ ಕೊನೇಲೊಂದು ಮಾತು, ಅಷ್ಟೇ. ಓದಿದೋರು ಅಯ್ಯೋ ಪಾಪ ವಿಧಿ ಅಂದು ಪುಟ ತಿರುವ್ತಾರೆ. ಆ ಮಗು ಉಳೀಬಹುದಿತ್ತು, ಚೇಳಿನ ವಿಷಕ್ಕೆ ನಮ್ಮ ದೇಶದ ಡಾಕ್ಟ್ರೇ ದಾರಿ ಕಂಡುಹಿಡಿದು ನಲವತ್ತು ವರ್ಷ ಆಯ್ತು, ಅದೂ ಕಡಿಮೆ ಬೆಲೆಯ ಒಂದು ಮಾತ್ರೆ, ಅನ್ನೋ ವಿಷಯ ಆ ನಾಲ್ಕು ಸಾಲಿನ ಕೆಳಗೆ ಒಂದು ಸಲನೂ ನಾನು ನೋಡಿಲ್ಲ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಚಿತ್ರದುರ್ಗ ಜಿಲ್ಲೆಯಲ್ಲಿ ಆಶಾ ಕಾರ್ಯಕರ್ತೆ. ನಮ್ಮನೆಯವರು ಗಾರೆ ಕೆಲಸದೋರು. ನಮ್ಮ ಕಡೆ ಭೂಮಿ ಹೆಂಗಿದೆ ಅಂತ ನಿಮಗೆ ಗೊತ್ತಲ್ಲ, ಬಂಡೆ, ಕುರುಚಲು ಗಿಡ, ಕಲ್ಲು ಪೇರಿಸಿದ ಬೇಲಿ, ಮಾಳಿಗೆ ಮನೆಗಳು, ಕಡ್ಲೆಕಾಯಿ ಬಳ್ಳಿ ಬಣವೆ. ಚೇಳಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಇಲ್ಲಿ ಚೇಳು ಕಚ್ಚಿಸಿಕೊಳ್ಳದೇ ಇರೋ ಮನೆತನ ಹುಡುಕಬೇಕು. ಅದಕ್ಕೇ ಏನೋ ಜನಕ್ಕೆ ಚೇಳು ಅಂದ್ರೆ ಒಂಥರಾ ಸಲಿಗೆ, ಹಾವಿಗೆ ಇರೋ ಭಯ ಚೇಳಿಗಿಲ್ಲ, ಕಚ್ಚಿದ್ರೆ ಒಂದು ರಾತ್ರಿ ಉರಿ, ಬೆಳಿಗ್ಗೆ ಸರಿ ಅಂತಾರೆ. ದೊಡ್ಡೋರ ವಿಷಯದಲ್ಲಿ ಎಷ್ಟೋ ಸಲ ಈ ಮಾತು ನಿಜಾನೂ ಆಗುತ್ತೆ, ಅದೇ ಮಾತು ನಂಬ್ಕೊಂಡು ಕೂತಾಗ ಮಕ್ಕಳು ಹೋಗಿಬಿಡ್ತಾರೆ.

ಎಲ್ಲಾ ಚೇಳೂ ಒಂದೇ ಅಲ್ಲ. ಪ್ರಪಂಚದಲ್ಲಿ 2500ಕ್ಕೂ ಹೆಚ್ಚು ಜಾತಿ ಚೇಳುಗಳಿದಾವೆ, ನಮ್ಮ ದೇಶದಲ್ಲೇ ನೂರಕ್ಕೂ ಮಿಕ್ಕಿ ಇದಾವೆ, ಅದರಲ್ಲಿ ಮನುಷ್ಯನ ಜೀವ ತೆಗೆಯೋವು ಬೆರಳೆಣಿಕೆಯಷ್ಟು. ನಮ್ಮ ಭಾಗದಲ್ಲಿ ಮುಖ್ಯವಾಗಿ ಗೊತ್ತಿರಬೇಕಾದ್ದು ಎರಡು. ಒಂದು ಕರಿಚೇಳು, ದಪ್ಪ, ಹೊಳೆಯೋ ಕಪ್ಪು ಮೈ, ಏಡಿಗೆ ಇದ್ದಂಗೆ ದೊಡ್ಡ ಕೊಂಬು, ಬಾಲ ಮಾತ್ರ ಸಣ್ಣ. ನೋಡಿದ್ರೆ ಎದೆ ಝಲ್ ಅನ್ನುತ್ತೆ, ಜನ ಇದಕ್ಕೇ ಜಾಸ್ತಿ ಹೆದರೋದು, ಆದ್ರೆ ಇದರ ವಿಷ ಅಷ್ಟು ಜೋರಿಲ್ಲ, ನೋವು ಊತ ಬಂದು ಸಾಮಾನ್ಯವಾಗಿ ತಾನಾಗೇ ಇಳಿಯುತ್ತೆ. ಇನ್ನೊಂದು ಕೆಂಪು ಚೇಳು, ಎರಡು ಮೂರು ಇಂಚು ಉದ್ದ ಅಷ್ಟೇ, ಕಿತ್ತಳೆ ಇಲ್ಲಾ ಕಂದು ಕೆಂಪು ಬಣ್ಣ, ಕಾಲು ಸ್ವಲ್ಪ ತಿಳಿ, ಕೊಂಬು ಸಣ್ಣಗೆ ತೆಳ್ಳಗೆ, ಬಾಲ ದಪ್ಪ. ಇದನ್ನ ನೋಡಿ ಜನ ಮರಿ ಅಂದ್ಕೋತಾರೆ. ಇಡೀ ಜಗತ್ತಲ್ಲೇ ಅತೀ ಅಪಾಯದ ಚೇಳುಗಳ ಸಾಲಲ್ಲಿ ಇದೂ ಇದೆ. ಮಹಾರಾಷ್ಟ್ರದ ಕೊಂಕಣದಿಂದ ಹಿಡಿದು ನಮ್ಮ ಬಯಲುಸೀಮೆ, ಆಂಧ್ರ, ತಮಿಳುನಾಡು, ಆ ಕಡೆ ಗುಜರಾತಿನ ಸೌರಾಷ್ಟ್ರದ ತನಕ ಇದು ಸಿಗುತ್ತೆ. ಕೊಂಬು ಸಣ್ಣ ಬಾಲ ದಪ್ಪ ಇದ್ರೆ ಹುಷಾರು, ಇಷ್ಟು ನೆನಪಿಟ್ಕೊಂಡ್ರೂ ಸಾಕು. ಹಂಗಂತ ಕಚ್ಚಿದಾಗ ಚೇಳು ಹುಡುಕ್ತಾ ಕೂರಬಾರದು, ಯಾವುದೇ ಆಗಲಿ, ಚಿಕ್ಕ ಮಗು ಅಂದ್ರೆ ಮೊದಲು ಆಸ್ಪತ್ರೆ.

ಈಗ ಆ ಮಾತ್ರೆ ವಿಷಯಕ್ಕೆ ಬರ್ತೀನಿ. ಮಹಾರಾಷ್ಟ್ರದ ರಾಯಗಡ ಜಿಲ್ಲೆ ಮಹಾಡ್ ತಾಲೂಕಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅಂತ ಒಬ್ಬ ಡಾಕ್ಟ್ರು, 1970ರ ದಶಕದಲ್ಲಿ ಬಿರ್ವಾಡಿ ಅನ್ನೋ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೆಲಸಕ್ಕೆ ಸೇರಿದೋರು. ಅಲ್ಲಿ ಕೆಂಪು ಚೇಳು ಕಚ್ಚಿದ ಮಕ್ಕಳು ಕಣ್ಣೆದುರೇ ಸಾಯೋದನ್ನ ನೋಡಿ ಸುಮ್ಮನಿರಲಾಗದೆ, ಒಬ್ಬೊಬ್ಬ ರೋಗಿ ಪಕ್ಕನೂ ರಾತ್ರಿಯೆಲ್ಲಾ ಕೂತು ನಾಡಿ, ಬಿಪಿ, ಉಸಿರು ಬರೆದುಕೊಳ್ತಾ ಹೋದ್ರು. ಇವರು ಸಾಯ್ತಿರೋದು ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಅಂತ ಅವರಿಗೆ ಗೊತ್ತಾಯ್ತು. 1982ರಲ್ಲಿ ಲ್ಯಾನ್ಸೆಟ್ ಅನ್ನೋ ಲಂಡನ್ನಿನ ವೈದ್ಯಕೀಯ ಪತ್ರಿಕೇಲಿ ಅವರ ಬರಹ ಬಂತು. ಆಮೇಲೆ ಪ್ರಾಜೋಸಿನ್ ಅನ್ನೋ ಬಿಪಿ ಮಾತ್ರೆ ಇದಕ್ಕೆ ಕೆಲಸ ಮಾಡುತ್ತೆ ಅಂತ ತೋರಿಸಿಕೊಟ್ರು, ಅವರ ಹೆಂಡತಿ ಡಾ. ಪ್ರಮೋದಿನಿಯವರೂ ಈ ಕೆಲಸದಲ್ಲಿ ಜೊತೆಗಿದ್ರು. ಅದಕ್ಕೆ ಮುಂಚೆ ವಿಷ ಮೈಗೆಲ್ಲಾ ಏರಿ ಬಂದೋರಲ್ಲಿ ನೂರಕ್ಕೆ 30-40 ಜನ ಸಾಯ್ತಿದ್ರು, ಈ ಚಿಕಿತ್ಸೆ ಬಂದ ಮೇಲೆ ಅದು ನೂರಕ್ಕೆ ಒಂದರ ಹತ್ತಿರಕ್ಕೆ ಇಳೀತು. 2022ರಲ್ಲಿ ಅವರಿಗೆ ಪದ್ಮಶ್ರೀ ಕೊಟ್ರು. ಒಂದು ಹಳ್ಳಿ ಆಸ್ಪತ್ರೇಲಿ ಕೂತು ಇಷ್ಟು ದೊಡ್ಡ ಕೆಲಸ ಮಾಡಿದಾರೆ, ಪಕ್ಕದ ರಾಜ್ಯದಲ್ಲಿರೋ ನಮ್ಮ ಹಳ್ಳಿಗಳಿಗೆ ಇವರ ಹೆಸರೇ ಗೊತ್ತಿಲ್ಲ ಅನ್ನೋದು ನನಗೆ ಬಹಳ ಸಂಕಟ ಕೊಡುತ್ತೆ.

ಬಿಪಿ ಮಾತ್ರೆ ಚೇಳಿನ ವಿಷಕ್ಕೆ ಹೆಂಗೆ ಅಂತ ಕೇಳ್ತಾರೆ. ಕೆಂಪು ಚೇಳಿನ ವಿಷ ನರಗಳನ್ನ ಕೆರಳಿಸಿಬಿಡುತ್ತೆ, ಆಗ ದೇಹ ಅಡ್ರಿನಲಿನ್ ಥರದ ರಸಗಳನ್ನ ಒಂದೇ ಸಲ ರಕ್ತಕ್ಕೆ ಸುರಿಯುತ್ತೆ, ರಕ್ತನಾಳಗಳೆಲ್ಲಾ ಬಿಗಿಯಾಗ್ತಾವೆ, ಕೈಕಾಲು ಐಸ್ ಆಗ್ತಾವೆ, ಬಿಪಿ ಏರುತ್ತೆ, ಹೃದಯ ಅಷ್ಟು ಒತ್ತಡಕ್ಕೆ ತಳ್ಳಿ ತಳ್ಳಿ ಸುಸ್ತಾಗುತ್ತೆ, ಕೊನೆಗೆ ಶ್ವಾಸಕೋಶಕ್ಕೆ ನೀರು ಇಳಿಯುತ್ತೆ. ಪ್ರಾಜೋಸಿನ್ ಆ ಬಿಗಿದ ರಕ್ತನಾಳಗಳನ್ನ ಸಡಿಲ ಮಾಡುತ್ತೆ, ಹೃದಯದ ಹೊರೆ ಇಳಿಯುತ್ತೆ. ಚೇಳಿನ ವಿಷಕ್ಕೇ ಅಂತ ಆಂಟಿವೆನಮ್ ಇಂಜೆಕ್ಷನ್ ಕೂಡ ನಮ್ಮ ದೇಶದಲ್ಲಿ ತಯಾರಾಗುತ್ತೆ, ಅದನ್ನ ಮಾತ್ರೆ ಜೊತೆ ಕೊಟ್ರೆ ರೋಗಿ ಇನ್ನೂ ಬೇಗ ಚೇತರಿಸಿಕೊಳ್ತಾರೆ ಅಂತ 2011ರಲ್ಲಿ ಬಾವಸ್ಕರ್ ದಂಪತಿಗಳೇ ತೋರಿಸಿದಾರೆ. ಹಾವಿನ ಆಂಟಿವೆನಮ್ ಮಾತ್ರ ಇದಕ್ಕೆ ಆಗಲ್ಲ. ಅಲರ್ಜಿ ಇಂಜೆಕ್ಷನ್, ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚಿ ಮನೆಗೆ ಕಳಿಸ್ತಾರಲ್ಲ ಕೆಲವು ಕಡೆ, ಅವೂ ಈ ವಿಷದ ಮೇಲೆ ಕೆಲಸ ಮಾಡಲ್ಲ. ಇಲ್ಲಿ ಇನ್ನೊಂದು ಮಾತು ಒತ್ತಿ ಹೇಳ್ತೀನಿ, ಇದನ್ನ ಓದಿ ಯಾರೂ ಮೆಡಿಕಲ್ ಶಾಪಿಂದ ಪ್ರಾಜೋಸಿನ್ ತಂದು ಮನೇಲಿಟ್ಕೊಂಡು ಮಕ್ಕಳಿಗೆ ನುಂಗಿಸೋಕೆ ಹೋಗಬೇಡಿ. ಮೊದಲನೇ ಡೋಸ್‌ಗೇ ಬಿಪಿ ದಿಢೀರ್ ಅಂತ ಬಿದ್ದು ತಲೆ ಸುತ್ತಿ ಬೀಳಬಹುದು, ಮಗುವಿನ ತೂಕ ನೋಡಿ ಲೆಕ್ಕ ಹಾಕಿ ಮಲಗಿಸಿಕೊಂಡು ಕೊಡಬೇಕು, ಆಮೇಲೂ ಆಗಾಗ ಬಿಪಿ ನಾಡಿ ನೋಡ್ತಾ ಇರಬೇಕು, ಅದು ಡಾಕ್ಟ್ರ ಕೆಲಸ.

ತಾಯಂದಿರು ಯಾವುದನ್ನ ಗಮನಿಸಬೇಕು ಅಂದ್ರೆ, ಕಚ್ಚಿದ ಜಾಗದಲ್ಲಿ ಬರೀ ನೋವು ಉರಿ ಅಂದ್ರೆ ಅದು ಬೇರೆ. ಮೈಯೆಲ್ಲಾ ಬೆವರು ಸುರೀತಿದೆ, ವಾಂತಿ ಆಗ್ತಿದೆ, ಕೈಕಾಲು ತಣ್ಣಗಾಗಿದೆ, ಬಾಯಲ್ಲಿ ಜೊಲ್ಲು ಜಾಸ್ತಿ ಬರ್ತಿದೆ, ಎದೆ ಬಡಿತ ಜೋರಾಗಿದೆ ಅಂದ್ರೆ ವಿಷ ಏರಿದೆ ಅಂತ ಅರ್ಥ. ಗಂಡು ಮಕ್ಕಳಲ್ಲಿ ಮೂತ್ರದ ಅಂಗ ಗಟ್ಟಿಯಾಗಿ ನಿಂತುಬಿಡುತ್ತೆ, ಹೇಳೋಕೆ ಮುಜುಗರ ಅಂತ ಮನೆಯವರು ಡಾಕ್ಟ್ರಿಗೂ ಹೇಳಲ್ಲ, ಆದ್ರೆ ಅದು ಬಹಳ ಮುಖ್ಯ ಲಕ್ಷಣ, ನಾಚಿಕೆ ಬಿಟ್ಟು ಹೇಳಿ. ಕೆಮ್ಮು, ಏದುಸಿರು, ಬಾಯಲ್ಲಿ ನಸುಗೆಂಪು ನೊರೆ ಬಂತು ಅಂದ್ರೆ ಆಗಲೇ ತಡ ಆಗಿದೆ. ಇನ್ನೂ ಮಾತು ಬಾರದ ಕೂಸು ನಡುರಾತ್ರಿ ಕಿಟಾರನೆ ಕಿರುಚಿ ಎದ್ದು, ಎತ್ಕೊಂಡ್ರೂ ಹಾಲು ಕೊಟ್ರೂ ಸುಮ್ಮನಾಗದೆ ಬೆವರ್ತಾ ಇದ್ರೆ, ದೃಷ್ಟಿ ತೆಗೆಯೋ ಮುಂಚೆ ಲೈಟ್ ಹಾಕಿ ಹಾಸಿಗೆ ಕೊಡವಿ ನೋಡಿ. 108ಕ್ಕೆ ಫೋನ್ ಮಾಡಿ, ಬರೋದು ತಡ ಅಂದ್ರೆ ಸಿಕ್ಕಿದ ಆಟೋ ಬೈಕ್ ಹತ್ತಿ. ಕುಯ್ಯಬೇಡಿ, ಹಗ್ಗ ಬಿಗಿದು ಕಟ್ಟಬೇಡಿ, ಬಾಯಿಂದ ಹೀರಬೇಡಿ. ತಣ್ಣೀರು ಬಟ್ಟೆ ಇಟ್ಕೊಂಡು ಹೋಗಿ, ನೋವಿಗೆ ಅಷ್ಟು ಸಾಕು. ಆಸ್ಪತ್ರೇಲಿ ಮಗು ಆಟ ಆಡ್ತಿದೆ ಅಂತ ಬೇಗ ಮನೆಗೆ ಕರ್ಕೊಂಡು ಬರಬೇಡಿ, ಒಂದು ದಿನ ನಿಗಾದಲ್ಲಿ ಇರಲಿ.

ಮಂತ್ರದ ವಿಷಯ ಬರೆಯದೆ ಇದು ಮುಗಿಯಲ್ಲ. ನಮ್ಮ ಕಡೆ ಚೇಳು ಕಚ್ಚಿದ್ರೆ ಮೊದಲು ಓಡೋದು ಮಂತ್ರ ಹಾಕೋರ ಹತ್ತಿರ, ಇಲ್ಲಾ ಹುಣಸೆ ಬೀಜ ತೇಯ್ದು ಕಚ್ಚಿದ ಜಾಗಕ್ಕೆ ಅಂಟಿಸ್ತಾರೆ, ಅದು ವಿಷ ಎಳ್ಕೊಂಡು ಉದುರುತ್ತೆ ಅಂತಾರೆ, ಈರುಳ್ಳಿ ಉಜ್ಜೋರು ಬೆಳ್ಳುಳ್ಳಿ ಅರೆದು ಮೆತ್ತೋರೂ ಇದಾರೆ. ಮಂತ್ರ ಹಾಕೋರು ಕೆಟ್ಟೋರಲ್ಲ, ಎಷ್ಟೋ ಜನ ಒಂದು ರೂಪಾಯಿನೂ ತಗೊಳಲ್ಲ, ನಡುರಾತ್ರಿ ಎದ್ದು ಬರ್ತಾರೆ. ಆದ್ರೆ ಯಾಕೆ ಅವರ ಮಂತ್ರ ಫಲಿಸಿದಂಗೆ ಕಾಣುತ್ತೆ ಅಂದ್ರೆ, ಹೆಚ್ಚಿನ ಚೇಳು ಕಡಿತ ಏನೂ ಮಾಡದಿದ್ರೂ ಇಳಿದು ಹೋಗುತ್ತೆ. ಹತ್ತು ಜನಕ್ಕೆ ಹಂಗೆ ಇಳಿದಾಗ ಹತ್ತು ಜನನೂ ಮಂತ್ರದ ಹೆಸರು ಹೇಳ್ತಾರೆ, ಹನ್ನೊಂದನೇದು ಕೆಂಪು ಚೇಳು ಕಚ್ಚಿದ ಮೂರು ವರ್ಷದ ಮಗು ಆಗಿರುತ್ತೆ. ಆ ಮಗುವಿಗೆ ಮೊದಲ ಎರಡು ಮೂರು ಗಂಟೆ ಬಹಳ ಬೆಲೆಯದ್ದು, ಅದು ಅಲ್ಲೇ ಕಳೆದುಹೋಗುತ್ತೆ. ನಾನು ನಮ್ಮೂರಿನ ಮಂತ್ರ ಹಾಕೋ ಅಜ್ಜನಿಗೆ ಕೇಳ್ಕೊಂಡಿರೋದು ಇಷ್ಟೇ, ಅಜ್ಜ ನಿಮ್ಮ ಮಂತ್ರ ನೀವು ಹಾಕ್ರಿ, ಆದ್ರೆ ಗಾಡಿ ಹತ್ತಿಸಿ ದಾರೀಲಿ ಹಾಕ್ರಿ. ಅವರು ಒಪ್ಕೊಂಡಿದಾರೆ. ಈಗ ಅವರೇ ಎಷ್ಟೋ ಸಲ ನನಗೆ ಫೋನ್ ಮಾಡಿಸ್ತಾರೆ.

ಯಾದಗಿರಿ ಜಿಲ್ಲೆ ಕಂದಕೂರು ಬೆಟ್ಟದಲ್ಲಿ ನಾಗರ ಪಂಚಮಿ ದಿನ ಜನ ಕಲ್ಲು ಎತ್ತಿ ಎತ್ತಿ ಚೇಳು ಹುಡುಕಿ ಕೈಮೇಲೆ ಮುಖದ ಮೇಲೆ ಬಿಟ್ಕೊತಾರೆ, ದೇವಿ ಕಾಯ್ತಾಳೆ ಅನ್ನೋ ನಂಬಿಕೆ. ಆ ನಂಬಿಕೆ ಬಗ್ಗೆ ನಾನು ಮಾತಾಡಲ್ಲ. ನನ್ನ ಭಯ ಆ ವಿಡಿಯೋಗಳದ್ದು, ವರ್ಷಾ ವರ್ಷ ಮೊಬೈಲಲ್ಲಿ ಹರಿದಾಡ್ತಾವೆ, ನಮ್ಮ ಹುಡುಗ್ರು ನೋಡಿ ಚೇಳು ಏನೂ ಮಾಡಲ್ಲ ಅಂದ್ಕೊಂಡು ಕಲ್ಲು ಎತ್ತೋಕೆ ಹೋಗ್ತಾರೆ. ಟಿವಿಯೋರು ಅದನ್ನ ತೋರಿಸುವಾಗ ಮನೇಲಿ ಹಿಂಗೆ ಮಾಡಬೇಡಿ ಅಂತ ಒಂದು ಸಾಲಾದ್ರೂ ಹಾಕಲಿ.

ಚೇಳಿನ ಸ್ವಭಾವನೂ ಸ್ವಲ್ಪ ತಿಳ್ಕೊಂಡ್ರೆ ಭಯ ಅರ್ಧ ಕಡಿಮೆ ಆಗುತ್ತೆ. ಅದು ಹುಳ ಅಲ್ಲ, ಎಂಟು ಕಾಲಿನ ಜೇಡದ ನೆಂಟ. ಡೈನೋಸಾರ್‌ಗಿಂತ ಎಷ್ಟೋ ಮುಂಚೆ, ನಲವತ್ತು ಕೋಟಿ ವರ್ಷಕ್ಕೂ ಹಿಂದಿಂದ ಭೂಮಿ ಮೇಲಿದೆ. ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ, ಮರಿಗಳು ಮೊದಲ ಪೊರೆ ಬಿಡೋ ತನಕ ಅಮ್ಮನ ಬೆನ್ನ ಮೇಲೇ ಇರ್ತಾವೆ. ಮರಿಗಳು ತಾಯಿ ಬೆನ್ನು ಒಡೆದು ತಿಂದು ಹೊರಗೆ ಬರ್ತಾವೆ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಅದು ಸುಳ್ಳು. ಸುತ್ತ ಬೆಂಕಿ ಹಾಕಿದ್ರೆ ತಾನೇ ಕುಟುಕಿಕೊಂಡು ಸಾಯುತ್ತೆ ಅನ್ನೋದೂ ಸುಳ್ಳು, ಶಾಖಕ್ಕೆ ಮೈ ಸೆಟೆದು ಬಾಲ ಮುರುಟಿಕೊಂಡು ಸಾಯೋದು, ದಯವಿಟ್ಟು ಮಕ್ಕಳು ಆ ಆಟ ಆಡದಂಗೆ ನೋಡ್ಕೊಳ್ಳಿ. ಹಗಲೆಲ್ಲಾ ಕತ್ತಲೆ ಸಂದೀಲಿ ಮಲಗಿದ್ದು ರಾತ್ರಿ ಬೇಟೆಗೆ ಹೊರಡುತ್ತೆ, ಜಿರಳೆ, ಜೀರುಂಡೆ, ಗೆದ್ದಲು ಇದರ ಊಟ. ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಕಣ್ಣು ಅಷ್ಟಕ್ಕಷ್ಟೇ, ನೆಲದ ಅದುರು, ಗಾಳಿ ಸುಳಿವಲ್ಲೇ ಎಲ್ಲಾ ತಿಳ್ಕೊಳುತ್ತೆ. ಅಟ್ಟಿಸಿಕೊಂಡು ಬಂದು ಕಚ್ಚಲ್ಲ, ಅದರ ಮೇಲೆ ಕೈ ಇಟ್ರೆ, ಕಾಲು ಇಟ್ರೆ, ಮಗ್ಗುಲು ಬದಲಿಸುವಾಗ ಮೈ ಕೆಳಗೆ ಸಿಕ್ಕಿದ್ರೆ ಕಚ್ಚುತ್ತೆ. ಅದು ಮನೆ ಒಳಗೆ ಬರೋದು ನಾವು ಕೊಟ್ಟಿರೋ ಎರಡು ಕಾರಣಕ್ಕೆ, ಅಡಗೋಕೆ ಸಂದಿ, ತಿನ್ನೋಕೆ ಜಿರಳೆ.

ಇಲ್ಲಿ ನಮ್ಮನೆಯವರ ಮಾತು ಬರೀತೀನಿ. ಅವರು ಹೇಳೋದು, ಚೇಳು ಓಡಿಸೋ ಔಷಧಿ ಅಂದ್ರೆ ಸಿಮೆಂಟು. ಹಳೇ ಮನೆ ರಿಪೇರಿಗೆ ಹೋದಾಗೆಲ್ಲಾ ಅವರಿಗೆ ಚೇಳು ಸಿಗೋದು ಅದೇ ಅದೇ ಜಾಗದಲ್ಲಿ, ಹೊಸಿಲು ಮತ್ತೆ ನೆಲ ಕೂಡೋ ಕಡೆ, ಬಾಗಿಲ ಚೌಕಟ್ಟಿನ ಹಿಂದೆ ಗಾರೆ ಬಿಟ್ಟಿರೋ ಸಂದಿ, ಬಚ್ಚಲ ನೀರು ಹೊರಗೆ ಹೋಗೋ ತೂತು, ಗೋಡೆ ಮೇಲೆ ಛಾವಣಿ ಕೂರೋ ಜಾಗ, ಮಾಳಿಗೆ ಮನೇಲಿ ಜಂತೆ ಸಾಲು. ಪೆನ್ಸಿಲ್ ತೂರೋ ಸಂದಿ ಇದ್ರೆ ಕೆಂಪು ಚೇಳಿಗೆ ಧಾರಾಳ. ಒಂದೆರಡು ಬಾಂಡ್ಲಿ ಗಾರೇಲಿ ಒಂದು ಮನೆ ಸಂದಿ ಎಲ್ಲಾ ಮುಚ್ಚಬಹುದು. ಬಾಗಿಲ ಕೆಳಗೆ ಬೆಳಕು ಕಾಣಿಸ್ತಿದ್ರೆ ರಬ್ಬರ್ ಪಟ್ಟಿ ಹೊಡೀಬೇಕು, ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ, ಅದೂ ಆಗದಿದ್ರೆ ಹಳೇ ಬಟ್ಟೆ ಸುತ್ತಿ ರಾತ್ರಿ ಒತ್ತಿ ಇಡಿ. ಬಚ್ಚಲ ತೂತಿಗೆ ಸಣ್ಣ ಕಣ್ಣಿನ ಜಾಲರಿ. ನುಣ್ಣಗಿರೋ ಟೈಲ್ಸ್, ಗಾಜಿನ ಮೇಲೆ ಚೇಳು ಹತ್ತಲಾರದು, ಆದ್ರೆ ಒರಟು ಗೋಡೆ ಸಲೀಸಾಗಿ ಹತ್ತುತ್ತೆ, ಅದಕ್ಕೇ ಗೋಡೆಗೆ ಗಾರೆ ಮಾಡಿ ನುಣ್ಣಗೆ ಉಜ್ಜಿ ಸುಣ್ಣ ಬಳಿದಿರೋ ಮನೇಲಿ ಕಡಿಮೆ.

ಹಿತ್ತಲ ವಿಷಯದಲ್ಲಿ ಜನ ಬಹಳ ಅಸಡ್ಡೆ ಮಾಡ್ತಾರೆ. ಸೌದೆ, ಬೆರಣಿ, ತೆಂಗಿನ ಮಟ್ಟೆ, ಉಳಿದ ಇಟ್ಟಿಗೆ ಹೆಂಚು ಎಲ್ಲಾ ಗೋಡೆಗೆ ಒತ್ತಿಕೊಂಡೇ ಪೇರಿಸಿರ್ತಾರೆ, ಅದು ಚೇಳಿಗೆ ಮನೆಗೆ ಹಾಕಿಕೊಟ್ಟ ಏಣಿ. ಗೋಡೆಯಿಂದ ದೂರ, ಸಾಧ್ಯ ಆದ್ರೆ ನೆಲದಿಂದ ಒಂದಡಿ ಎತ್ತರಕ್ಕೆ ಅಟ್ಟಣಿಗೆ ಮಾಡಿ ಇಡಿ. ಬೆಳಿಗ್ಗೆ ಕತ್ತಲಲ್ಲಿ ಒಲೆ ಹಚ್ಚೋಕೆ ಸೌದೆ ರಾಶಿಗೆ ಬರೀ ಕೈ ಹಾಕಿ ಕಚ್ಚಿಸಿಕೊಳ್ಳೋದು ಹೆಚ್ಚಾಗಿ ಹೆಂಗಸರು, ಒಂದು ಕೋಲಲ್ಲಿ ತಟ್ಟಿ ಆಮೇಲೆ ಎತ್ತಿ. ಬಣವೆ ಕೀಳುವಾಗ, ಕಲ್ಲು ಬೇಲಿ ಸರಿ ಮಾಡುವಾಗ ಕೈಗೆ ದಪ್ಪ ಗ್ಲೌಸ್ ಹಾಕ್ಕೊಳ್ಳಿ. ಶೂ, ಗಂಬೂಟು, ಗೂಟಕ್ಕೆ ನೇತುಹಾಕಿದ ಬಟ್ಟೆ, ಮಕ್ಕಳ ಸ್ಕೂಲ್ ಬ್ಯಾಗು ಕೊಡವೋದನ್ನ ಅಭ್ಯಾಸ ಮಾಡ್ಕೊಳ್ಳಿ. ನೆಲದ ಮೇಲೆ ಮಲಗೋರು ಗೋಡೆಯಿಂದ ದೂರ ಹಾಸಿಕೊಂಡು ಸೊಳ್ಳೆ ಪರದೆ ಹಾಸಿಗೆ ಕೆಳಗೆ ಸುತ್ತ ಸಿಗಿಸಿದ್ರೆ ಸೊಳ್ಳೆ ಜೊತೆ ಚೇಳೂ ಹೊರಗೆ, ಇದಕ್ಕಿಂತ ಸುಲಭದ್ದು ನನಗೆ ಬೇರೆ ಕಂಡಿಲ್ಲ. ಸ್ಪ್ರೇ ಹೊಡೆಸೋರಿಗೆ ಒಂದು ಮಾತು, ಚೇಳು ಸಂದಿ ಒಳಗೆ ಆಳದಲ್ಲಿ ಇರೋದ್ರಿಂದ ಮೇಲೆ ಹೊಡೆದ ಔಷಧಿ ಅದಕ್ಕೆ ಅಷ್ಟಾಗಿ ತಾಗಲ್ಲ, ಆ ದುಡ್ಡಲ್ಲಿ ಜಿರಳೆ ಕಡಿಮೆ ಮಾಡಿ ಸಂದಿ ಮುಚ್ಚಿಸಿದ್ರೆ ಉಪಯೋಗ. ಹಿತ್ತಲಲ್ಲಿ ನಾಟಿ ಕೋಳಿ ಬಿಟ್ಟಿರೋರ ಮನೇಲಿ ಚೇಳು ಕಡಿಮೆ ಅಂತ ಹಳಬರು ಹೇಳೋದು ನಿಜಾನೇ, ಕೆದಕಿ ಸಿಕ್ಕಿದ್ರೆ ಕೋಳಿ ತಿಂದು ಹಾಕುತ್ತೆ.

ಇನ್ನೊಂದು ಎಲ್ಲರಿಗೂ ತಿಳಿಸಲೇಬೇಕಾದ್ದು. ಅಂಗಡಿಯೋರು ನೋಟು ಅಸಲಿನಾ ನಕಲಿನಾ ಅಂತ ನೋಡ್ತಾರಲ್ಲ, ಆ ನೇರಳೆ ಬಣ್ಣದ ಯುವಿ ಟಾರ್ಚು, ಅದರ ಬೆಳಕು ಬಿದ್ರೆ ಕತ್ತಲಲ್ಲಿ ಚೇಳು ಹಸಿರು ನೀಲಿ ಬಣ್ಣಕ್ಕೆ ಹೊಳೆಯುತ್ತೆ. ಅದರ ಮೈ ಚಿಪ್ಪಲ್ಲೇ ಅಂಥಾ ವಸ್ತು ಇದೆ. ಆಗತಾನೇ ಪೊರೆ ಬಿಟ್ಟಿರೋದು ಮಾತ್ರ ಸರಿಯಾಗಿ ಹೊಳೆಯಲ್ಲ. ಕೆಲವು ನೂರು ರೂಪಾಯಿಗೆ ಸಿಗುತ್ತೆ, ನಾಲ್ಕು ಮನೆ ಸೇರಿ ಒಂದು ತಗೊಂಡ್ರೂ ಆಯ್ತು. ಮಲಗೋ ಮುಂಚೆ ಲೈಟ್ ಆರಿಸಿ ಮೂಲೆ, ಮಂಚದ ಕೆಳಗೆ, ಬಚ್ಚಲು ಒಂದು ಸುತ್ತು ಬಿಡಿ, ಕಣ್ಣಿಗೆ ಮಾತ್ರ ಬಿಡಬೇಡಿ. ಸಿಕ್ಕಿದ್ರೆ ಇಕ್ಕಳದಲ್ಲಿ ಹಿಡೀರಿ ಇಲ್ಲಾ ಗಾಜಿನ ಬಾಟಲಿ ಬೋರಲು ಹಾಕಿ ಕೆಳಗೆ ರಟ್ಟು ತೂರಿಸಿ ಎತ್ತಿ. ಮನೆ ಒಳಗೆ ಕೆಂಪು ಚೇಳು ಸಿಕ್ಕಿದ್ರೆ ಕೊಂದ್ರು ಅಂತ ನಾನು ಯಾರನ್ನೂ ಬೈಯಲ್ಲ, ಕೂಸು ಇರೋ ಮನೆ. ಆದ್ರೆ ಹೊಲದಲ್ಲಿ ಗುಡ್ಡದಲ್ಲಿ ಕಲ್ಲ ಕೆಳಗೆ ತನ್ನ ಪಾಡಿಗೆ ಇರೋದನ್ನ ಹುಡುಕಿ ಕೊಲ್ಲೋದು ಬೇಡ, ಅದು ತಿನ್ನೋದೂ ನಮಗೆ ಕಾಟ ಕೊಡೋ ಹುಳಗಳನ್ನೇ.

ಸರ್ಕಾರದ ಕಡೆಯಿಂದ ನಾನು ಕೇಳೋದು ದೊಡ್ಡದೇನಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಮಾಡ್ತು, ಬಹಳ ಒಳ್ಳೆ ಕೆಲಸ, ಲೆಕ್ಕ ಸಿಕ್ಕಿದ್ರೆ ತಾನೇ ಔಷಧಿ ಎಲ್ಲಿಗೆ ಎಷ್ಟು ಅಂತ ಗೊತ್ತಾಗೋದು. ಚೇಳು ಕಡಿತನೂ ಅದೇ ಪಟ್ಟಿಗೆ ಸೇರಿಸಿ. ಬಯಲುಸೀಮೆಯ ಪ್ರತೀ ಪಿಎಚ್‌ಸೀಲೂ ಪ್ರಾಜೋಸಿನ್ ಮಾತ್ರೆ ಇರಲೇಬೇಕು ಅಂತ ಆದೇಶ ಆಗಲಿ, ರಾತ್ರಿ ಪಾಳಿಯ ನರ್ಸ್‌ಗೂ ತರಬೇತಿ ಇರಲಿ. ನಾನು ಒಂದು ಮಗುವನ್ನ ಕರ್ಕೊಂಡು ಹೋದಾಗ ಒಂದು ಕಡೆ ಆ ಮಾತ್ರೆ ಸ್ಟಾಕ್ ಇಲ್ಲ ಅಂದು ಜಿಲ್ಲಾಸ್ಪತ್ರೆಗೆ ಬರೆದುಕೊಟ್ರು, ದಾರಿಯುದ್ದಕ್ಕೂ ಆ ತಾಯಿ ನನ್ನ ಕೈ ಬಿಡಲಿಲ್ಲ. ಮಗು ಉಳೀತು, ಆದ್ರೆ ಅಷ್ಟು ದೂರ ಹೋಗೋ ಅವಶ್ಯಕತೆ ಇರಲಿಲ್ಲ.

ನಿಮ್ಮಲ್ಲಿ ಕೇಳ್ಕೊಳೋದು, ಇನ್ನು ಮುಂದೆ ಇಂಥ ಸುದ್ದಿ ಹಾಕುವಾಗ ಕೆಳಗೆ ಒಂದು ಬಾಕ್ಸ್ ಮಾಡಿ ಲಕ್ಷಣ ಏನು, ಎಲ್ಲಿಗೆ ಹೋಗಬೇಕು ಅಂತ ಹಾಕಿ. ಬಾಕ್ಸಿಗೆ ಬೇಕಾದ ಮಾತನ್ನ ನಿಮ್ಮ ಜಿಲ್ಲಾ ವರದಿಗಾರರು ಯಾವ ಮಕ್ಕಳ ಡಾಕ್ಟ್ರನ್ನ ಕೇಳಿದ್ರೂ ಹೇಳ್ತಾರೆ.

ಕೊನೇದಾಗಿ ಪಂಚಾಯ್ತಿಯೋರಿಗೆ. ವಸತಿ ಯೋಜನೆ ಮನೆಗಳಿಗೆ ತಳಪಾಯ, ಲಿಂಟಲ್, ಛಾವಣಿ, ಆಮೇಲೆ ಪೂರ್ತಿ ಆದ ಮೇಲೆ ಅಂತ ಹಂತ ಹಂತವಾಗಿ ಬಿಲ್ ಆಗುತ್ತೆ. ಕೈಯಲ್ಲಿ ದುಡ್ಡಿಲ್ಲದ ಬಡವರು ಛಾವಣಿ ಬಿದ್ದ ತಕ್ಷಣ ಒಳಗೆ ಹೋಗಿ ಇರೋಕೆ ಶುರು ಮಾಡ್ತಾರೆ, ಗೋಡೆಗೆ ಗಾರೆ ಇರಲ್ಲ, ನೆಲ ಇನ್ನೂ ಮಣ್ಣು, ಬಾಗಿಲಿಗೆ ಹೊಸಿಲೇ ಇರಲ್ಲ, ಬ್ಲಾಕ್ ಇಟ್ಟಿಗೆ ಸಂದು ಸಂದಲ್ಲೂ ತೂತು, ಅಲ್ಲೇ ಕೂಸು ಬಾಣಂತಿ ಎಲ್ಲರೂ ನೆಲದ ಮೇಲೆ ಮಲಗ್ತಾರೆ. ನಾನು ಚೇಳು ಕಡಿತಕ್ಕೆ ಅಂತ ಹೋದ ಮನೆಗಳಲ್ಲಿ ಇಂಥವೇ ಜಾಸ್ತಿ. ಪಿಡಿಒಗಳು ಫೋಟೋ ತೆಗೆಯೋಕೆ ಬರ್ತಾರಲ್ಲ, ಆವಾಗ ಒಳಗೋಡೆಯ ಕೆಳಗಿನ ಮೂರಡಿಗಾದ್ರೂ ಗಾರೆ, ಒಂದು ಹೊಸಿಲು, ಬಚ್ಚಲ ತೂತಿಗೆ ಜಾಲರಿ, ಇಷ್ಟನ್ನ ಛಾವಣಿ ಬಿಲ್ಲಿನ ಜೊತೆಗೇ ಸೇರಿಸಿ ಮಾಡಿಸೋಕೆ ದಾರಿ ಹುಡುಕಲಿ. ಜಿಲ್ಲಾ ಪಂಚಾಯ್ತಿ ಸಿಇಒ ಸಾಹೇಬ್ರು ಈ ಪತ್ರ ಓದಿದ್ರೆ ಬೇಸಿಗೆ ಬರೋದರ ಒಳಗೆ ಈ ಒಂದು ಕೆಲಸಕ್ಕೆ ಸುತ್ತೋಲೆ ಕಳಿಸಬೇಕು ಅಂತ ಬೇಡ್ಕೋತೀನಿ.

ಇಂತಿ,
ಒಬ್ಬ ಆಶಾ ಕಾರ್ಯಕರ್ತೆ,
ಚಿತ್ರದುರ್ಗ ಜಿಲ್ಲೆ